ಮೊಟ್ಟೆಯಿಡದ ನೊಣ

ತಾರ್ನಾಕ, ಹೈದರಾಬಾದ್
ಶ್ರಾವಣ ಸೋಮವಾರ

ನನ್ನ ಕೂಸು ಗುರುದೇವಿ,

ಇಂದು ಉಪವಾಸ. ಅಂಗಳ ಗುಡಿಸಿ, ನೀರು ತುಂಬಿ, ಶಿವನಿಗೆ ಪತ್ರಿ ಏರಿಸಿ ಬರೆಯಲು ಕುಳಿತೆ. ತಡವಾಯಿತು, ಸಿಟ್ಟಾಗಬೇಡ. ಫೋನು ಮಾಡಿದರೆ ನಿಮ್ಮ ಅತ್ತೆಯವರೇ ಎತ್ತುತ್ತಾರೆ. ಹೋದ ವಾರ "ನಿಮ್ಮ ಮಗಳು ಹಡದಾಳ ಅಷ್ಟ, ತಾಯಿ ಆಗಿಲ್ಲರಿ. ಕೂಸು ಅತ್ತರ ಗ್ವಾಡಿ ನೋಡ್ಕೋತ ಕುಂದರ್ತಾಳ. ಭಾಳ ಸೊಕ್ಕು" ಎಂದರು. ಅಂದಿನಿಂದ ನನಗೆ ನಿದ್ದೆಯಿಲ್ಲ.

ನಾನು ಕೆಲಸಕ್ಕೆ ಹೋಗುವ ಪ್ರಯೋಗಶಾಲೆಯಲ್ಲಿ ಹಣ್ಣಿನ ಮೇಲೆ ಕೂಡುವ ಸಣ್ಣ ನೊಣ ಸಾಕುತ್ತಾರಲ್ಲ, ಅವಕ್ಕೆ ಬೆಲ್ಲ ಹಾಕಿ ಮೆಕ್ಕೆಜೋಳದ ಗಂಜಿ ಕುದಿಸುವವಳು ನಾನೇ. ಮೊನ್ನೆ ಒಂದು ಸೀಸೆಯಲ್ಲಿ ಹೊಟ್ಟೆ ಉಬ್ಬಿದ ಹೆಣ್ಣುನೊಣಗಳು ಗಂಜಿಯ ಮೇಲೆ ಸುಮ್ಮನೆ ತಿರುಗುತ್ತಿದ್ದವು. ಒಂದು ಮೊಟ್ಟೆಯೂ ಇಲ್ಲ. "ಇವಕ್ಕೂ ಸೊಕ್ಕೇನು?" ಎಂದೆ.

ಅಲ್ಲಿ ಸಂಶೋಧನೆ ಮಾಡುವ ನಮ್ಮ ಕಡೆಯ ಹುಡುಗಿ ಹರ್ಷದಾ ನಕ್ಕಳು. "ಪಾಪ, ಬೈಬ್ಯಾಡ್ರಿ ಅನ್ನಮ್ಮಕ್ಕಾ. ಬರ್ರಿ ಇಲ್ಲಿ." ಕಂಪ್ಯೂಟರಿನಲ್ಲಿ ನೊಣದ ಮಿದುಳಿನ ನಕ್ಷೆ ತೋರಿಸಿದಳು. ಗಸಗಸೆ ಕಾಳಿನಷ್ಟು ಮಿದುಳು, ಅದರೊಳಗೆ ಸೀರೆ ಬಿಚ್ಚಿ ಹರವಿದಂತೆ ಬಣ್ಣಬಣ್ಣದ ಎಳೆಗಳು. ಯಾವ ಎಳೆ ಯಾವುದಕ್ಕೆ ಕೂಡಿದೆ ಎಂದು ಗುರುತಿಸಿಟ್ಟಿದ್ದಾರಂತೆ. "ಮೊಟ್ಟಿ ಇಡು ಅಂತ ತಲಿಯಿಂದ ಕೆಳಗ ಸುದ್ದಿ ಒಯ್ಯೋ ಎಳಿ ಇವು. ನಕ್ಷಾ ನೋಡಿ ಇವನ್ನ ನಾವ ಬಂದ್ ಮಾಡೀವಿ. ಆಕಿ ಹೊಟ್ಟ್ಯಾಗ ಮೊಟ್ಟಿ ಅದಾವ. ಸುದ್ದಿ ಮುಟ್ಟವಲ್ದು."

ನನಗೆ ಅಳು ಬಂತು. ನಿನ್ನ ವಿಷಯ ಹೇಳಿದೆ.

"ನೊಣದ್ದು ಬ್ಯಾರೆ, ಮನಿಷ್ಯಾರದು ಬ್ಯಾರೆ. ನಮ್ಮ ಮಿದುಳಿನ ಪೂರಾ ನಕ್ಷಾ ಇನ್ನೂ ಯಾರ ಕಡೀನೂ ಇಲ್ಲ" ಎಂದಳು. "ಆದ್ರ ಬಾಣಂತ್ಯಾರಿಗೆ ಹಿಂಗ ಆಗೋದು ಐತಿ ಅಕ್ಕಾ. ಅದು ಬೈದ್ರ ಹೋಗೂದಿಲ್ಲ. ಔಷಧ ಐತಿ. ಕರಕೊಂಡ ಬರ್ರಿ, ಇಲ್ಲೇ ಕೋಠಿ ಕಡೆ ದೊಡ್ಡ ದವಾಖಾನಿಗೆ ನಾನೂ ಬರ್ತೀನಿ."

ಶಿವ ನೇಯ್ದ ಎಳೆ ನಿನ್ನಲ್ಲಿ ಎಲ್ಲಿ ತಡೆದಿದೆಯೋ ನನಗೆ ತಿಳಿಯದು. ಕೂಸನ್ನು ಎತ್ತಲಾಗದಿದ್ದರೆ ಬಿಡವ್ವಾ, ನಾನು ಎತ್ತುತ್ತೇನೆ. ನೀನು ಬಂದು ನನ್ನ ಬಳಿ ಮಲಗು. ಶಿವ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅವ್ವ,
ಅನ್ನಮ್ಮ

ತಾ.ಕ.: ಇದನ್ನು ಪತ್ರದ ಮೊದಲಿಗೇ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ನಿನ್ನ ತಮ್ಮ ಬಸು ನಿಮ್ಮೂರಿಂದ ಬಂದು, ನೀನು ಕೊಟ್ಟ ಅರಿವೆಯ ಗಂಟನ್ನು ನನ್ನ ಕೈಗಿಟ್ಟ. ಬಿಚ್ಚಿದರೆ ನಿನ್ನ ಕೊರಳ ಲಿಂಗ. ಉಸಿರಿರುವ ತನಕ ಮೈಯಿಂದ ಅಗಲಬಾರದ್ದನ್ನು ಯಾಕೆ ತೆಗೆದು ಕಳಿಸಿದೆ? ಏನು ಮಾಡಬೇಕೆಂದಿದ್ದೀಯೆ? ನಾನೇ ಓಡಿ ಬರುತ್ತಿದ್ದೆ, ಆದರೆ ಹೋದ ಸಲ ಬಂದವಳನ್ನು ನಿಮ್ಮ ಅತ್ತೆಯವರು ಬಾಗಿಲಿಂದಲೇ ಕಳಿಸಿದರು. ಬಸುವನ್ನಾದರೆ ಒಳಗೆ ಬಿಡುತ್ತಾರೆ. ಈ ಪತ್ರದ ಜೊತೆ ಲಿಂಗವನ್ನೂ ಅವನ ಕೈಯಲ್ಲೇ ಮರಳಿ ಕಳಿಸಿದ್ದೇನೆ, ಅವನೆದುರೇ ಕಟ್ಟಿಕೋ. ನಿನ್ನ ಉತ್ತರ ಪಡೆಯದೆ ಅಲ್ಲಿಂದ ಏಳಬೇಡ ಎಂದು ಅವನಿಗೆ ಹೇಳಿದ್ದೇನೆ. ಬರೆಯಲಾಗದಿದ್ದರೆ ಕೂಸನ್ನು ಅವನ ಕೈಗೆ ಕೊಟ್ಟು, ಜೊತೆಗೆ ನೀನೂ ಬಸ್ಸು ಹತ್ತು.