ಹೋಲ್ಡಿನಲ್ಲಿ ನನ್ನದೇ ದನಿ

ಮಾರ್ಚ್ ೧೪, ಗುರುವಾರ

ಮೈ ಇನ್ನೂ ಉರಿಯುತ್ತಿದೆ. ಕೊರಿಯರ್ ಆಫೀಸಿನ ಫೋನಿಗೆ ದನಿ ಕೊಡುವ ಕೆಲಸ ನಿನಗೇ ಎಂದಿದ್ದ ಮ್ಯಾನೇಜರ್, ಸ್ಯಾಂಪಲ್ ಕಳಿಸಿದ ಮೇಲೆ ‘ದನಿ ಒರಟು, ಆರ್ಡರ್ ಕ್ಯಾನ್ಸಲ್’ ಎಂದು ಮೆಸೇಜ್ ಹಾಕಿದ್ದ. ಹಾಳಾಗಿ ಹೋಗಲಿ ಎಂದು ಸುಮ್ಮನಾಗಿದ್ದೆ.

ಇವತ್ತು ಅಕ್ಕನ ಪಾರ್ಸೆಲ್ ಬಂದಿಲ್ಲವೆಂದು ಅಲ್ಲಿಗೆ ಫೋನ್ ಮಾಡಿದರೆ, ‘ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ತಾಳ್ಮೆಯಿಂದ ಕಾಯಿರಿ’ ಎಂದು ನಾನೇ ನನಗೆ ಹೇಳುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆ ‘ಅಮೂಲ್ಯ’ ನಾಲಿಗೆಗೆ ಹತ್ತಲು ಅರ್ಧ ದಿನ ಹಿಡಿದಿತ್ತು.

ಕೊನೆಗೆ ಮ್ಯಾನೇಜರ್ ಸಿಕ್ಕಿದ.

“ಬೇಡ ಅಂದ್ಮೇಲೆ ನನ್ನ ದನಿ ಯಾಕ್ರೀ ಹಾಕ್ಕೊಂಡಿದ್ದೀರಾ?”

“ನಿಂದೇ ಅಂತ ಏನಪ್ಪಾ ಗ್ಯಾರಂಟಿ? ಅಂಥ ದನಿ ಊರ ತುಂಬ ಇದೆ.”

“ಕೊನೇಲಿ ಯಾರೋ ಸೀನಿದ್ದು ಕೇಳ್ಸುತ್ತಲ್ಲ, ಅದು ರೆಕಾರ್ಡ್ ಮಾಡೋವಾಗ ಪಕ್ಕದಲ್ಲಿದ್ದ ನಮ್ಮಕ್ಕಂದು. ಹಾಗೆ ಸೀನೋರು ಊರಲ್ಲಿ ಇನ್ನೊಬ್ರಿಲ್ಲ.”

ಅಕ್ಕ ಪಕ್ಕದಲ್ಲೇ ಇದ್ದಳು. “ಮೂತಿ ಮುಚ್ಕೊಂಡೇ ಸೀನಿದ್ದೆ ಕಣೋ,” ಎಂದಳು.

ಅದು ಅವನಿಗೂ ಕೇಳಿಸಿರಬೇಕು. ಆರ್ಡರ್ ಕ್ಯಾನ್ಸಲ್ ಅಂದರೆ ದನಿಯೂ ಕ್ಯಾನ್ಸಲ್, ನಾಳೆಯೊಳಗೆ ತೆಗೆಯಿರಿ, ಬಳಸಲೇಬೇಕಿದ್ದರೆ ಕಾಸು ಕೊಟ್ಟು ಬಳಸಿ ಎಂದೆ. “ಒಂದ್ನಿಮಿಷ ಇರು,” ಎಂದವನು ಹೋಲ್ಡಿಗೆ ಹಾಕಿಬಿಟ್ಟ. ಮತ್ತೆ ನಾನೇ ಶುರುವಾದೆ, ತಾಳ್ಮೆಯಿಂದ ಕಾಯಿರಿ ಎಂದು. ಕಾದೂ ಕಾದೂ ಫೋನ್ ಇಟ್ಟೆ. ಅವನು ಬರಲೇ ಇಲ್ಲ.

ನಾಳೆ ಅಕ್ಕನನ್ನು ಕರೆದುಕೊಂಡು ಅವನ ಆಫೀಸಿಗೇ ಹೋಗುತ್ತೇನೆ. ಇನ್ನು ಮೇಲೆ ಯಾರಿಗೆ ಸ್ಯಾಂಪಲ್ ಕಳಿಸಿದರೂ ನಡುವೆ ಒಂದು ಕೆಟ್ಟ ಬೈಗುಳ ಸೇರಿಸಿಯೇ ಕಳಿಸುವುದು. ಕದ್ದು ಹಾಕಿಕೊಳ್ಳಲಿ, ಅವರ ಗಿರಾಕಿಗಳೂ ಕೇಳಲಿ.