ಪಿಸ್ತೂಲಿನ ಸದ್ದಿಗೆ ಮೊದಲು

ಕೆಲ್ಟನ್, ಇಂಡಿಯಾನಾ
೧೧ ನವೆಂಬರ್ ೧೯೫೧, ಭಾನುವಾರ

ನನ್ನ ಮುದ್ದು ವರ್ನಾಗೆ ಅಪ್ಪನ ಪ್ರೀತಿಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತನಲ್ಲ ಎಂದು ಬೈಯುತ್ತಿದ್ದರೆ ಬೈಯಮ್ಮ, ನಾನು ಅದಕ್ಕೆ ಯೋಗ್ಯನೇ. ಕೈನೋವು ಎಂದು ನೆಪ ಹೇಳೋಣ ಎಂದುಕೊಂಡಿದ್ದೆ. ನಿನ್ನ ಗಂಡನ ಕೈಗೆ ಆಗಿರುವುದನ್ನು ಓದಿದ ಮೇಲೆ ಆ ನೆಪ ಬರೆಯುವುದಕ್ಕೆ ನಾಚಿಕೆಯಾಯಿತು.

ಲಾಯ್ಡ್‌ನ ಬಲಗೈಯ ಮೂರು ಬೆರಳು ಮರದ ಮಿಲ್ಲಿನ ಗರಗಸಕ್ಕೆ ಹೋದವು ಎಂದು ಒಂದು ಸಾಲು ಬರೆದು, ಮುಂದಿನ ಸಾಲಿನಲ್ಲೇ ಆರೆಗನ್‌ನಲ್ಲಿ ಮಳೆ ಬಿಟ್ಟೇ ಇಲ್ಲ ಎಂದು ಬರೆದಿದ್ದೀಯ. ನಿನ್ನ ಅಮ್ಮನೂ ಹೀಗೆಯೇ. ಎದೆ ಒಡೆಯುವ ಸುದ್ದಿ ಹೇಳಿ ಆ ಉಸಿರಿನಲ್ಲೇ ಒಲೆಗೆ ಕಟ್ಟಿಗೆ ಹಾಕಿದ್ದೀರಾ ಎಂದು ಕೇಳುತ್ತಿದ್ದಳು. ನಾನು ಆ ಸಾಲನ್ನು ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ. ರಿಪೇರಿಗೆ ಬಿಚ್ಚಿಟ್ಟಿದ್ದ ಪಾದ್ರಿಗಳ ಗಡಿಯಾರ ಹಾಗೆಯೇ ಬಿಚ್ಚಿಕೊಂಡು ಬಿದ್ದಿದೆ. ಅವರು ಎರಡು ಸಲ ಬಂದು ಕೇಳಿಹೋದರು.

ಮೂರನೆಯ ಪುಟದ ಕೊನೆಯಲ್ಲಿ ನೀನು ಕೇಳಿರುವ ಪ್ರಶ್ನೆಯನ್ನೂ ಓದಿದೆ. ಅದಕ್ಕೆ ಬರುತ್ತೇನೆ, ತಾಳು. ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ.

ಹಿತ್ತಲಿನ ಪರ್ಸಿಮನ್ ಮರ ಈ ಸಲ ಹುಚ್ಚು ಹಿಡಿದ ಹಾಗೆ ಹಣ್ಣು ಬಿಟ್ಟಿತು. ಅರ್ಧ ನೆಲದಲ್ಲೇ ಕೊಳೆಯಿತು. ಬರ್ಥಾ ಅಜ್ಜಿ ಒಂದು ಬುಟ್ಟಿ ತೆಗೆದುಕೊಂಡು ಹೋಗಿ ಪುಡ್ಡಿಂಗ್ ಮಾಡಿ ಕಳಿಸಿದಳು. ನಿನ್ನ ಕೈಯದ್ದಕ್ಕೆ ಅದನ್ನು ಹೋಲಿಸಿದರೆ ಪಾಪ ಬರುತ್ತದೆ, ಬಿಡು. ಬರ್ಥಾ ಗೊತ್ತಲ್ಲ, ಬ್ಯಾಸ್ಕೆಟ್‌ಬಾಲ್ ಆಟ ನೋಡಲು ಗೆರೆಗೆ ಕಾಲು ತಾಗಿಸಿಕೊಂಡು ಕೂತು, ಹೊರ ಊರಿನ ಆಟಗಾರ ಹತ್ತಿರ ಬಂದರೆ ಹೆಣಿಗೆ ಕಡ್ಡಿಯಿಂದ ತೊಡೆಗೆ ಚುಚ್ಚುತ್ತಿದ್ದವಳು! ಈಗ ಚುಚ್ಚಲು ಯಾರೂ ಇಲ್ಲದೆ ಮುದುಕಿ ಬಾಡಿಹೋಗಿದ್ದಾಳೆ. ಮೊನ್ನೆ ದಾರಿಯಲ್ಲಿ ಸಿಕ್ಕಿ, “ಎಮಿಲ್, ಈ ಚಳಿಗಾಲಾನೂ ಆಟ ಇಲ್ವೇನೋ? ನಾನಿನ್ನು ಎಷ್ಟು ಚಳಿಗಾಲ ಇರ್ತೀನಿ ಅಂದ್ಕೊಂಡಿದ್ದೀರ ನೀವೆಲ್ಲ?” ಎಂದು ನನ್ನನ್ನೇ ದಬಾಯಿಸಿದಳು. ತಂಡವನ್ನು ನಾನೇ ಮುಚ್ಚಿದ ಹಾಗೆ.

ಆಟದ ಹಾಲ್‌ನಲ್ಲಿ ಈಗ ಶೂಲ್ಟ್ ಯಜಮಾನರು ಪಂಪಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಜೋಡಿಸಿದ್ದಾರೆ. ಅವರ ಕಾರ್ಖಾನೆಯ ಹೆಸರಿನ ತಂಡ, ಅವರದೇ ಹಾಲ್. ಬೇಡ ಎನ್ನುವವರು ಯಾರು? ಬುಟ್ಟಿಗಳನ್ನು ಬಿಚ್ಚಿ ಶಾಲೆಗೆ ಕೊಟ್ಟರು. ಮರದ ನೆಲದ ಮೇಲೆ ಕೈಗಾಡಿ ಎಳೆದೂ ಎಳೆದೂ ಗೆರೆಗಳೆಲ್ಲ ಅಳಿಸಿಹೋಗಿವೆ. ಒಂದು ದಿನ ಬೀಗ ತೆಗೆದಿತ್ತೆಂದು ಒಳಗೆ ಹೋದೆ. ಸಮಯ ನೋಡುವವನ ಮೇಜು, ನನ್ನ ಮೇಜು, ಮೂಲೆಯಲ್ಲಿ ಕಾಲು ಮೇಲಾಗಿ ಬಿದ್ದಿತ್ತು. ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದುಬಿಟ್ಟೆ.

ನಲವತ್ತಾರರ ಚಳಿಗಾಲ ನೆನಪಿದೆಯೇ? ಲಾಯ್ಡ್ ನೌಕಾದಳದಿಂದ ಬಂದು ನಮ್ಮ ತಂಡ ಸೇರಿದ್ದ. ಅಷ್ಟುದ್ದದವನನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಮೇಲಿನ ಕೋಣೆ ಖಾಲಿಯಿದೆ ಎಂದು ನಾನೇ ಬಾಯಿಬಿಟ್ಟೆ. ಮಂಚ ಸಾಲದೆ ಕಾಲ ಹತ್ತಿರ ನಿನ್ನ ಅಮ್ಮನ ಟ್ರಂಕು ಇಟ್ಟು, ಅದರ ಮೇಲೆ ದಿಂಬು ಹಾಕಿದವಳು ನೀನು. ಆ ದಿಂಬಿಗೆ ಹೊಸ ಕವಚ ಹೊಲಿದಾಗಲೇ ನನಗೆ ಗೊತ್ತಾಗಬೇಕಿತ್ತು! ಗಡಿಯಾರದೊಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಕಾಣುವ ಕಣ್ಣಿಗೆ ಮಗಳ ಮುಖ ಕಾಣಲಿಲ್ಲ.

ಅವನು ಒಂದೇ ಕೈಯಲ್ಲಿ ಚೆಂಡೆಸೆಯುತ್ತಿದ್ದ. ಉಳಿದವರೆಲ್ಲ ಎರಡು ಕೈ ಸೇರಿಸಿ, ಎರಡು ಕಾಲೂ ನೆಲಕ್ಕೂರಿ ಎಸೆಯುವ ಕಾಲ ಅದು. ಕ್ಷೌರದ ಅಂಗಡಿಯ ಆರ್ಲೋ ಮೊದಲ ದಿನ ನೋಡಿ, “ಇದೇನಯ್ಯಾ ಸರ್ಕಸ್ಸು? ಇನ್ನೊಂದು ಕೈ ಸಾಲಕ್ಕೆ ಕೊಟ್ಟಿದ್ದಾನಾ?” ಎಂದಿದ್ದ. ಮೂರು ವಾರದಲ್ಲಿ ಅದೇ ಆರ್ಲೋ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಬ್ರಷ್ ಎತ್ತಿ ಲಾಯ್ಡ್ ಎಸೆಯುವುದು ಹೀಗೆ ಎಂದು ತೋರಿಸುತ್ತಿದ್ದ. ತಂಡದವರೆಲ್ಲ ಎರಡು ಕಾರುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಮಂಜುಗಟ್ಟಿದ ದಾರಿಯಲ್ಲಿ ಅಯೋವಾಕ್ಕೆ ಹೋಗಿ ಆಡಿ, ಮತ್ತೆ ಬೆಳಿಗ್ಗೆ ಕಾರ್ಖಾನೆಗೆ ಹಾಜರಾಗುತ್ತಿದ್ದರು. ಏನು ಹುಡುಗರು!

ಆಮೇಲೆ ನಲವತ್ತೊಂಬತ್ತರಲ್ಲಿ ದೊಡ್ಡ ಊರುಗಳ ಲೀಗೂ ನಮ್ಮದೂ ಒಂದಾಯಿತು. ಎಷ್ಟು ಮೆರೆದೆವು ನಾವು! ಹನ್ನೆರಡು ಸಾವಿರ ಜನರ ಕೆಲ್ಟನ್‌ಗೆ ಎಂಥೆಂಥ ದೊಡ್ಡ ಊರಿನವರು ಬಂದು, ನಮ್ಮ ಬಾಯ್ಲರ್ ಕೋಣೆಯಲ್ಲಿ ಬಟ್ಟೆ ಬದಲಿಸಿ, ಮೂಗು ಮುಚ್ಚಿಕೊಂಡು ಆಡಿಹೋಗಬೇಕಾಯಿತು. ಒಂದು ಚಳಿಗಾಲವಷ್ಟೇ. ಮುಂದಿನ ಬೇಸಿಗೆಯಲ್ಲಿ ಸಣ್ಣ ಊರುಗಳನ್ನು ಒಂದು ಸಭೆಯಲ್ಲಿ ಗುಡಿಸಿಹಾಕಿದರು. ಆ ಕೊನೆಯ ಆಟ ಗೆದ್ದಿದ್ದರೂ ಅವರು ನಮ್ಮನ್ನು ಉಳಿಸಿಕೊಳ್ಳುತ್ತಿರಲಿಲ್ಲ ಎಂದು ಶೂಲ್ಟ್ ಯಜಮಾನರು ಇವತ್ತಿಗೂ ಹೇಳುತ್ತಾರೆ. ನಾನು ಆ ಮಾತನ್ನು ಎಷ್ಟು ಸಲ ಹಿಡಿದುಕೊಂಡಿದ್ದೇನೆ ಎಂದು ನಿನಗೆ ಗೊತ್ತಿಲ್ಲ.

ಆ ಕೊನೆಯ ಆಟಕ್ಕೆ ಬರದೆ ಗತಿಯಿಲ್ಲ, ಬರೆಯುತ್ತೇನೆ. ನೀನು ನನ್ನ ಹಿಂದಿನ ಬೆಂಚಿನಲ್ಲೇ ಇದ್ದೆ. ಮೂರನೆಯ ಸಾಲಿನಲ್ಲಿ ಬೂದು ಟೋಪಿಯ ಮನುಷ್ಯ ಕೂತಿದ್ದ. ಪೂರ್ವದ ಯಾವುದೋ ದೊಡ್ಡ ಊರಿನ ತಂಡದವನು, ಲಾಯ್ಡ್‌ನನ್ನು ನೋಡಲೆಂದೇ ಬಂದವನು. ಆಟಕ್ಕೆ ಮೊದಲು ಶೂಲ್ಟ್ ಯಜಮಾನರು ನನ್ನ ಕಿವಿಯಲ್ಲಿ, “ಇವತ್ತು ನಿನ್ನ ಅಳಿಯ ಗೆಲ್ಲಿಸಿಬಿಟ್ರೆ, ನಾಳೇನೇ ಆ ಟೋಪಿಯೋನು ಅವ್ನನ್ನ ರೈಲು ಹತ್ತಿಸ್ಕೊಂಡು ಹೋಗ್ತಾನೆ ನೋಡು,” ಎಂದರು.

ಎದುರಾಳಿಗಳು ಒಂದು ಅಂಕ ಮುಂದಿದ್ದರು, ಅರವತ್ತೊಂದು ಅರವತ್ತು. ಕೊನೆಯ ನಾಲ್ಕು ನಿಮಿಷ ಆ ಪುಣ್ಯಾತ್ಮರು ಬುಟ್ಟಿಯ ಕಡೆ ತಿರುಗಲೇ ಇಲ್ಲ. ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸುತ್ತಾ ನಿಂತರು. ಆರ್ಲೋ ಸಿಟ್ಟಿಗೆ ಪೇಪರ್ ಬಿಚ್ಚಿ ಓದತೊಡಗಿದ. “ಮಲಕ್ಕೊಳ್ರಪ್ಪಾ, ಹಾಸಿಗೆ ತರ್ಲಾ?” ಎಂದು ಯಾರೋ ಕೂಗಿದರು. ಆಗ ಲಾಯ್ಡ್ ಎಲ್ಲಿಂದ ನುಗ್ಗಿದನೋ, ಚೆಂಡು ಕಿತ್ತುಕೊಂಡು, ಎರಡು ಹೆಜ್ಜೆ ಓಡಿ, ನಡುಗೆರೆಯ ಹತ್ತಿರದಿಂದಲೇ ಎಗರಿ ಎಸೆದ. ಚೆಂಡು ಬುಟ್ಟಿಯಲ್ಲಿ ಬಿತ್ತು. ಹಾಲ್ ಹಾರಿಹೋಗುವ ಹಾಗೆ ಕಿರುಚಾಟ.

ಸಮಯ ಮುಗಿದದ್ದಕ್ಕೆ ನಾನು ಹಾರಿಸಿದ ಪಿಸ್ತೂಲಿನ ಸದ್ದು ಆ ಗಲಾಟೆಯಲ್ಲಿ ಮುಳುಗಿಹೋಗಿತ್ತು. ನಿಯಮ ನಿನಗೆ ಗೊತ್ತೇ ಇದೆ. ಸದ್ದಿಗೆ ಮೊದಲು ಚೆಂಡು ಕೈಬಿಟ್ಟಿದ್ದರೆ ಬುಟ್ಟಿ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ರೆಫರಿ ಮೇಜಿನ ಹತ್ತಿರ ಬಗ್ಗಿ, “ಎಮಿಲ್, ನಂಗೆ ಸದ್ದೇ ಕೇಳಿಸ್ಲಿಲ್ಲ ಮಾರಾಯ. ನಿನ್ನ ಮಾತೇ ಕೊನೆ. ಚೆಂಡು ಮೊದ್ಲೋ, ಪಿಸ್ತೂಲು ಮೊದ್ಲೋ?” ಎಂದ.

“ಪಿಸ್ತೂಲು ಮೊದ್ಲು,” ಎಂದೆ.

ಲಾಯ್ಡ್ ಬೆವರು ಸುರಿಸುತ್ತಾ ಬಂದು ನಿಂತ. ಕೂಗಾಡಲಿಲ್ಲ. “ಮಾವ, ಸರಿಯಾಗಿ ನೋಡಿದ್ರಾ?” ಎಂದ. ನೋಡಿದೆ ಎಂದೆ. ನೀನು ಹಿಂದಿನಿಂದ ನನ್ನ ಭುಜದ ಮೇಲೆ ಕೈಯಿಟ್ಟು, “ಅಪ್ಪ, ನಿಂಗೆಷ್ಟು ಕಷ್ಟ ಆಗಿರ್ಬೇಕು ಇದನ್ನ ಹೇಳಕ್ಕೆ,” ಎಂದೆ. ಆ ಕೈ ಇವತ್ತಿಗೂ ಅಲ್ಲೇ ಇದೆ ಅನ್ನಿಸುತ್ತದೆ.

ಬೂದು ಟೋಪಿಯವನು ಎದುರು ತಂಡದ ಹುಡುಗನೊಬ್ಬನನ್ನು ಕರೆದುಕೊಂಡು ಹೋದ. ಊರು ಎರಡು ದಿನ ನನ್ನೊಡನೆ ಮಾತು ಬಿಟ್ಟಿತು, ಮೂರನೆಯ ದಿನ ಹೊಗಳಲು ಶುರುಮಾಡಿತು. ಪಾದ್ರಿಗಳು ಉಪದೇಶದಲ್ಲಿ ನನ್ನ ಹೆಸರೆತ್ತಿದರು. “ಅಳಿಯ ಅಂತ ನೋಡ್ಲಿಲ್ಲ, ಊರು ಅಂತ ನೋಡ್ಲಿಲ್ಲ, ನಮ್ಮ ಎಮಿಲ್ ಅಂದ್ರೆ ಎಮಿಲ್!” ಎಂದು ಆರ್ಲೋ ನನ್ನ ಸುದ್ದಿ ಬಂದಿದ್ದ ಪೇಪರಿನ ತುಂಡನ್ನು ಕನ್ನಡಿಯ ಪಕ್ಕ ಅಂಟಿಸಿದ. ನಾನು ಕಣ್ಣು ಮುಚ್ಚಿಕೊಂಡು ಗಡ್ಡ ಹೆರೆಸಿಕೊಂಡು ಬರುತ್ತೇನೆ. ಅದೇ ಆರ್ಲೋ ಲಾಯ್ಡ್ ಕಂಡಾಗಲೆಲ್ಲ, “ಒಂದು ಕ್ಷಣ ಬೇಗ ಎಗರೋಕೆ ಏನಾಗಿತ್ತಯ್ಯಾ ನಿಂಗೆ?” ಎಂದು ಕೆಣಕುತ್ತಿದ್ದ.

ನಾನು ಎದುರುಮನೆ ನಿಮಗಾಗಿ ಗೊತ್ತು ಮಾಡಿದ್ದೆ. ಕಾರ್ಖಾನೆಯಲ್ಲಿ ಅವನಿಗೆ ಖಾಯಂ ಕೆಲಸಕ್ಕೂ ಹೇಳಿಟ್ಟಿದ್ದೆ. ಅವನು ಆರು ವಾರ ಕೆಲಸಕ್ಕೆ ಹೋದ, ಏಳನೆಯ ವಾರ ನಿನ್ನನ್ನು ಕರೆದುಕೊಂಡು ಆರೆಗನ್ ಬಸ್ ಹತ್ತಿದ. ನಿನ್ನ ಅಮ್ಮ ತೀರಿಹೋದಾಗ ನಿನಗೆ ಹನ್ನೊಂದು ವರ್ಷ. ಅಲ್ಲಿಂದ ಆ ಬಸ್ಸಿನ ದಿನದವರೆಗೆ ನಾನು ಒಬ್ಬನೇ ಕೂತು ಊಟ ಮಾಡಿದ್ದಿಲ್ಲ. ಎದುರುಮನೆಗೆ ಈಗ ಯಾರೋ ಹಲ್ಲಿನ ಡಾಕ್ಟರು ಬಂದಿದ್ದಾರೆ.

ಈಗ ನಿನ್ನ ಪ್ರಶ್ನೆ. ಆಸ್ಪತ್ರೆಯಲ್ಲಿ ಅವನು ಕೈಗೆ ಸುತ್ತಿದ ಬಟ್ಟೆ ನೋಡುತ್ತಾ ಅದೊಂದೇ ಮಾತು ಆಡುತ್ತಾನೆ ಎಂದು ಬರೆದಿದ್ದೀಯ. “ವರ್ನಾ, ಚೆಂಡು ನನ್ನ ಕೈ ಬಿಟ್ಟಿತ್ತು ಕಣೇ. ನೀನಾದ್ರೂ ನಂಬು.” ನೀನು, “ನಮ್ಮಪ್ಪ ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದೋರಲ್ಲ, ನೀನು ನಿನಗೇ ಮೋಸ ಮಾಡ್ಕೋಬೇಡ,” ಎಂದೆಯಂತೆ. ಅದಾದ ಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗಿದವನು ನಿನ್ನೊಡನೆ ಸರಿಯಾಗಿ ಮಾತೇ ಆಡುತ್ತಿಲ್ಲವಂತೆ. ಅಪ್ಪ ಇನ್ನೊಂದು ಸಲ ಕಾಗದದಲ್ಲಿ ಬರೆದುಕೊಟ್ಟರೆ ಓದಿ ಹೇಳುತ್ತೇನೆ, ಆಮೇಲೆ ಈ ಮಾತು ನಮ್ಮ ಮನೆಯಲ್ಲಿ ಮುಗಿಯಲಿ ಎನ್ನುತ್ತೀಯ.

ಆ ದಿನ ರೆಫರಿಗೆ ಏನು ಹೇಳಿದೆನೋ ಅದೇ, ಮಗಳೇ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ. ಅವನ ಗಾಯ ಬೇಗ ಮಾಗಲಿ. ಉಳಿದ ಬೆರಳುಗಳಿಂದ ಬರೆಯುವುದನ್ನಾದರೂ ಅಭ್ಯಾಸ ಮಾಡಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಬರ್ಥಾ ಹೆಣೆದ ಉಣ್ಣೆಯ ಕೈಗವಸುಗಳನ್ನು ಇದರ ಜೊತೆ ಕಳಿಸಬೇಕೆಂದಿದ್ದೆ, ಒಂದು ಜೊತೆ ತೆಗೆದಿಟ್ಟೂ ಇದ್ದೆ. ಬಲಗೈಯದ್ದನ್ನು ನೋಡಿ ಮತ್ತೆ ಪೆಟ್ಟಿಗೆಯೊಳಗೆ ಹಾಕಿದೆ. ದೇವರು ನಿಮ್ಮಿಬ್ಬರನ್ನೂ ಒಂದೇ ಸೂರಿನ ಕೆಳಗೆ ಇಟ್ಟಿರಲಿ.

ಸದಾ ನಿನ್ನದೇ ಧ್ಯಾನದಲ್ಲಿರುವ
ನಿನ್ನ ಅಪ್ಪ,
ಎಮಿಲ್ ಹಾಫ್ನರ್

ಮರೆತ ಮಾತು, ೧೪ ನವೆಂಬರ್, ಬುಧವಾರ:

ಈ ಕಾಗದ ಅಂಟಿಸಿ ಮೂರು ದಿನ ಅಂಚೆ ಕಚೇರಿಯವರೆಗೆ ಹೋಗಿ ಹೋಗಿ ವಾಪಸು ಬಂದೆ. ಇವತ್ತು ಲಕೋಟೆ ಒಡೆದು ಮತ್ತೆ ಕೂತಿದ್ದೇನೆ. ಮರೆತ ಮಾತು ಎಂದು ಮೇಲೆ ಬರೆದೆ. ಅದೂ ಸುಳ್ಳು, ಒಂದು ದಿನವೂ ಮರೆತಿಲ್ಲ.

ವರ್ನಾ, ನಾನು ಲಾಯ್ಡ್‌ನ ಕೈಯನ್ನೇ ನೋಡುತ್ತಿದ್ದೆ. ಚೆಂಡು ಅವನ ಕೈ ಬಿಟ್ಟು ಮೇಲೇರಿದ ಮೇಲೆಯೇ ಗಡಿಯಾರದ ಮುಳ್ಳು ಕೊನೆಗೆ ಬಂತು, ಆಗಲೇ ನಾನು ಹಾರಿಸಿದ್ದು. ಬುಟ್ಟಿ ಲೆಕ್ಕಕ್ಕಿತ್ತು. ಅನುಮಾನವೇ ಇರಲಿಲ್ಲ. ರೆಫರಿ ಬಗ್ಗಿ ಕೇಳಿದಾಗ ಅವನ ಭುಜದಾಚೆ ಆ ಬೂದು ಟೋಪಿಯವನು ನಗುತ್ತಾ ಎದ್ದು ನಿಂತಿದ್ದ. ಇವನು ನಾಳೆ ನನ್ನ ಮಗಳನ್ನು ರೈಲು ಹತ್ತಿಸುತ್ತಾನೆ ಎಂದಷ್ಟೇ ನನ್ನ ತಲೆಗೆ ಬಂತು. ಊರೆಲ್ಲ ಅದನ್ನು ಪ್ರಾಮಾಣಿಕತೆ ಎಂದಿತು, ನಾನು ತೆಪ್ಪಗೆ ಇಸಿದುಕೊಂಡೆ. ನೀನು ಎದುರುಮನೆಯಲ್ಲಿ ಇರಲಿ ಎಂದು ಮಾಡಿದೆನಮ್ಮ. ಅವನನ್ನು ಆ ಗರಗಸದ ಮುಂದೆ ತಂದು ನಿಲ್ಲಿಸಿದವನು ನಾನು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೂ ಬೆರಳು ಬರುವುದಿಲ್ಲ. ಇನ್ನು ಮುಂದೆ ನೀನು ಕಾಗದ ಹಾಕುವುದಿಲ್ಲ ಎಂದೂ ಗೊತ್ತು, ಅದಕ್ಕೇ ಇಷ್ಟು ದಿನ ಹಿಡಿಯಿತು. ಮೇಲಿನ ಪುಟಗಳನ್ನು ಹರಿದುಹಾಕು. ಇದೊಂದನ್ನು ಮಾತ್ರ ಅವನ ಪಕ್ಕ ಕೂತು, ಜೋರಾಗಿ ಓದು. ನಿನ್ನ ಗಂಡ ನಿನಗೆ ಒಂದು ದಿನವೂ ಸುಳ್ಳು ಹೇಳಿಲ್ಲ.