ಮೊಟ್ಟೆ ಒಡೆದ ಕೈ

ಚಾಮರಾಜನಗರ
ತಾ. 9-2-1956

ಗುಂಡ್ಲುಪೇಟೆಯ ಅಕ್ಕ ಮಂಗಳಗೌರಿಗೆ, ತಂಗಿ ಸುಂದ್ರಿ ಮಾಡುವ ನಮಸ್ಕಾರ.

ಕ್ಷೇಮದ ಮಾತನ್ನು ಈ ಕಾಗದದಲ್ಲಿ ಬಿಟ್ಟುಬಿಡೋಣ. ನಾನು ಸತ್ತಿದ್ದೇನೋ ಬದುಕಿದ್ದೇನೋ ಎಂದು ನಾಲ್ಕು ವರ್ಷ ನೀನು ಕೇಳಲಿಲ್ಲ. ಮೊನ್ನೆ ನಿಮ್ಮ ಮರ ಸಾಗಿಸುವ ಲಾರಿ ನಾನು ಕೆಲಸ ಮಾಡುವ ಆಸ್ಪತ್ರೆಯ ಮುಂದೆ ನಿಂತಾಗ ಅವ್ವನಿಗೆ ಏನೋ ಆಯಿತೆಂದು ಬರಿಗಾಲಲ್ಲೇ ಬಾಗಿಲಿಗೆ ಓಡಿಬಂದೆ. ಡ್ರೈವರ್ ಮಾದಣ್ಣ ಕೊಟ್ಟ ಲಕೋಟೆ ಒಡೆದು ನೋಡಿದರೆ ಲೆಮನ್ ಪೈ ವಿಚಾರ! ಬಾಗಿಲಲ್ಲೇ ಕುಳಿತು ನಕ್ಕೆ ಅಕ್ಕ. ಆಮೇಲೆ ಅತ್ತುಬಿಟ್ಟೆ. ಅದನ್ನೂ ಬರೆದುಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ.

ನೀನು ಬರೆದದ್ದು ಇಷ್ಟು. ಫಾರೆಸ್ಟ್ ಸಾಹೇಬರ ಹೆಂಡತಿ ಊಟಿಗೆ ಹೋಗುವಾಗ ಶಿವರಾತ್ರಿ ಕಳೆದ ಮೇಲೆ ನಿಮ್ಮ ಮನೆಗೆ ಬರುತ್ತಾರೆ. ಆಕೆಗೆ ಲೆಮನ್ ಪೈ, ಆ ಮೊಟ್ಟೆ ಹಾಕಿದ ನಿಂಬೆಹಣ್ಣಿನ ತಿಂಡಿ, ಎಂದರೆ ಪ್ರಾಣ. ಆಕೆಯ ಮನಸ್ಸು ಒಲಿದರೆ ಬಾವನವರಿಗೆ ಕಾಡಿನ ಗುತ್ತಿಗೆ ಸುಲಭವಾಗುತ್ತದೆ. ನಮ್ಮ ಆಸ್ಪತ್ರೆಯ ದೊರೆಸಾನಿ ಮೇಟ್ರನ್ ನನಗೆ ಅದನ್ನು ಕಲಿಸಿದ್ದು ನಿನಗೆ ನೆನಪಿದೆ. ನಾನು ಬಂದು ಮಾಡಿಕೊಡಬೇಕು. ಕಾಗದದಲ್ಲಿ ಬರೆಯದ್ದನ್ನು ಮಾದಣ್ಣ ಬಾಯಲ್ಲಿ ಹೇಳಿದ. ಪಾಪ, ತಲೆ ತಗ್ಗಿಸಿಕೊಂಡೇ ಹೇಳಿದ. "ಇತ್ಲ ಬಾಗ್ಲಲ್ಲಿ ಬರ್ಬೇಕಂತೆ ಕಣವ್ವ. ಕೊಟ್ಗೇಲಿ ಒಲೆ ಹೂಡ್ಸಿಕೊಡ್ತರಂತೆ. ಸಾಹೇಬ್ರ ಹೆಂಡ್ರು ಬರಾಗಂಟ ಇರ್ಬ್ಯಾಡ ಅಂದವ್ರೆ."

ಕಾರ್ಯವಾಸಿ ಕತ್ತೆ ಕಾಲು ಹಿಡಿ ಎನ್ನುತ್ತಾರೆ. ಕತ್ತೆಗೂ ಒಂದು ಮರ್ಯಾದೆ ಇರುತ್ತದೆ ಎಂದು ಯಾರೂ ಹೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಸಿದ್ದಮಲ್ಲಪ್ಪ ಚಿಕ್ಕಪ್ಪನನ್ನು ಕರೆದುಕೊಂಡು, ಕಾಯಿಲೆಯಾಗಿ ಇಲ್ಲಿ ನನ್ನ ಹತ್ತಿರ ಇದ್ದ ಅವ್ವನನ್ನು ನೋಡಲು ಬಂದೆಯಲ್ಲ, ಮಂಚದ ಕೆಳಗಿನ ಬೋಗುಣಿಯಲ್ಲಿ ಮೊಟ್ಟೆಯ ಚಿಪ್ಪು ಕಂಡು ಕೂಗಿಕೊಂಡೆಯಲ್ಲ, ಆಗ ಆಡಿದ ಮಾತು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. "ಲಿಂಗ ಕಟ್ಕಂಡ ಹೆತ್ತವ್ವನಿಗೆ ಮೋಸ ಮಾಡಿ ಮೊಟ್ಟೆ ತಿನ್ಸಿದ್ಯಲ್ಲೇ! ಮೊಟ್ಟೆ ಒಡ್ದ ಕೈ ನಮ್ಮ ಹೊಸ್ಲು ತುಳೀಬಾರ್ದು" ಅಂದೆ. ಕ್ಷಯಕ್ಕೆ ಮೊಟ್ಟೆ ಕೊಡಲೇಬೇಕೆಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿಸಿಕೊಳ್ಳಲಿಲ್ಲ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನಿಂಬೆಹಣ್ಣಿನ ತಿಂಡಿ ಅಂತ ಕೊಟ್ಟಳು ತಿಂದೆ, ನನಗೇನು ಗೊತ್ತು ಎಂದು ಅತ್ತಳು. ನಾನು ಒಂದು ಮಾತೂ ಆಡಲಿಲ್ಲ. ಅಯ್ಯನವರು ಬಂದು ಅವ್ವನಿಗೆ ಪಾದೋದಕ ಕೊಟ್ಟು ಶುದ್ಧ ಮಾಡಿದರು. ನೀನು ಅವಳನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆ. ನಾನು ಕುದೇರಿನ ತವರುಮನೆಗೂ ಹೊರಗಾದೆ, ನಿನ್ನ ಮನೆಗೂ ಹೊರಗಾದೆ.

ಈಗ ಅದೇ ಕೈ ಕೊಟ್ಟಿಗೆಯಲ್ಲಿ ಕುಳಿತು ಮೊಟ್ಟೆ ಒಡೆಯಬೇಕು. ನೀನು ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ನಡುಮನೆಯಲ್ಲಿ ಬಡಿಸಬೇಕು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ನಿನ್ನಿಂದ ಕಲಿಯಬೇಕು.

ನಾನು ಬರುವುದಿಲ್ಲ. ಆದರೆ ನಿನ್ನ ಮಾನ ಹೋಗಲೆಂದು ನನಗೆ ಆಸೆಯಿಲ್ಲ. ಮೊಟ್ಟೆಯಿಲ್ಲದೆ ಮಾಡುವ ದಾರಿ ಬರೆಯುತ್ತೇನೆ, ನಿನ್ನ ಒಳಗಿನ ಒಲೆಯ ಮೇಲೆಯೇ ಮಾಡು.

ತಳಕ್ಕೆ ಮೈದಾ, ತಣ್ಣಗಿನ ಬೆಣ್ಣೆ, ಚಿಟಿಕೆ ಉಪ್ಪು. ಬೆರಳ ತುದಿಯಲ್ಲಿ ಉದುರುದುರಾಗಿ ಕಲಸಿ ತಟ್ಟೆಗೆ ಒತ್ತು. ನಾದಬೇಡ, ನಿನಗೆ ಎಲ್ಲವನ್ನೂ ನಾದುವ ಚಾಳಿ. ದೊಡ್ಡ ಪಾತ್ರೆಗೆ ಮರಳು ಹಾಕಿ ಕಾಯಿಸಿ, ತಟ್ಟೆಯನ್ನು ಒಳಗಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಕೆಂಪಗೆ ಬೇಯಿಸು.

ಒಳಗಿನ ಹೂರಣ ಗಟ್ಟಿಯಾಗುವುದು ಮೊಟ್ಟೆಯ ಹಳದಿಯಿಂದ. ಅದರ ಬದಲು ಕೂವೆ ಹಿಟ್ಟು ಹಾಕು. ಕೇರಳದ ಕಡೆಯಿಂದ ಬರುವವರು ನಿಮ್ಮ ಸಂತೆಯಲ್ಲಿ ಮಾರುತ್ತಾರಲ್ಲ, ಮಕ್ಕಳಿಗೆ ಗಂಜಿ ಕಾಯಿಸುವ ಹಿಟ್ಟು, ಅದೇ. ಸಕ್ಕರೆ ನೀರಿನಲ್ಲಿ ಕದಡಿ ಹೊಳಪು ಬರುವ ತನಕ ಕಾಯಿಸಿ, ಬೆಣ್ಣೆ ಹಾಕಿ ಇಳಿಸು. ಇಳಿಸಿದ ಮೇಲೆ ನಿಂಬೆರಸ. ಮೊದಲೇ ಹಿಂಡಿದರೆ ಎಲ್ಲ ನೀರಾಗುತ್ತದೆ. ಬಣ್ಣಕ್ಕೆ ಅರಿಶಿನ, ಸೂಜಿಯ ಮೊನೆಯಷ್ಟು. ಹೆಚ್ಚಾದರೆ ಸಾಹೇಬರ ಹೆಂಡತಿ ಚಿತ್ರಾನ್ನ ಅಂದುಕೊಂಡಾರು.

ಮೇಲಿನ ಬಿಳಿ ನೊರೆಯೇ ಕಷ್ಟ. ಕಡಲೆಕಾಳು ಬೇಯಿಸಿದ ಕಟ್ಟನ್ನು ಬತ್ತಿಸಿ, ಚೆನ್ನಾಗಿ ಆರಿಸಿ, ಎರಡು ಹನಿ ನಿಂಬೆರಸ ಬಿಟ್ಟು, ಸಣ್ಣ ಕಡಗೋಲಿನಲ್ಲಿ ರಟ್ಟೆ ಬೀಳುವ ತನಕ ಕಡೆ. ನೊರೆ ಏಳುತ್ತದೆ. ಪುಡಿ ಸಕ್ಕರೆಯನ್ನು ಸ್ವಲ್ಪಸ್ವಲ್ಪವೇ ಸೇರಿಸು. ಬೆಂದ ತಳಕ್ಕೆ ಸುರಿದ ಹೂರಣದ ಮೇಲೆ ಹರಡಿ ಮತ್ತೆ ಕೆಂಡದ ಮುಚ್ಚಳ ಇಡು, ತುದಿಗಳು ಕಂದುವ ತನಕ. ನೋಡಲು ಥೇಟ್ ಅದೇ. ಆದರೆ ಆ ನೊರೆ ಬಹಳ ಹೊತ್ತು ನಿಲ್ಲುವುದಿಲ್ಲ, ಕುಸಿಯುತ್ತದೆ. ಅತಿಥಿ ಕುಳಿತ ತಕ್ಷಣ ಬಡಿಸಿಬಿಡು.

ಅವ್ವ ಹೇಗಿದ್ದಾಳೆ ಎಂದು ನೀನು ಬರೆಯಲಿಲ್ಲ. ಮಾದಣ್ಣನನ್ನು ಕೇಳಿದೆ. ಬೆಳಿಗ್ಗೆ ಎದ್ದು ತಾನೇ ಅಂಗಳ ಗುಡಿಸುತ್ತಾಳಂತೆ, ಮೈಕೈ ತುಂಬಿಕೊಂಡಿದ್ದಾಳಂತೆ. ಅವಳನ್ನು ನೋಡಬೇಕೆಂದು ನನ್ನ ಜೀವ ಬಾಯಿ ಬಾಯಿ ಬಿಡುತ್ತದೆ ಅಕ್ಕ. ಅಷ್ಟಾದರೂ ಹಿತ್ತಲ ಬಾಗಿಲಲ್ಲಿ ನುಸುಳಿ ನೋಡಲಾರೆ.

ಇತಿ,
ನಿನ್ನ ಒಡಹುಟ್ಟಿದವಳು
ಸುಂದ್ರಮ್ಮ

ವಿ. ಸೂ.: ಕಾಗದ ಮಡಿಸಿದ್ದೆ, ಮತ್ತೆ ಬಿಡಿಸಿದೆ. ಈ ಮೊಟ್ಟೆಯಿಲ್ಲದ ದಾರಿ ನನಗೆ ಹೇಗೆ ಗೊತ್ತು ಎಂದು ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಅದನ್ನು ಅವ್ವನಿಗಾಗಿಯೇ ಮಾಡಿದ್ದು. ಡಾಕ್ಟರು ಹೇಳಿದ ದಿನವೇ ಅವಳಿಗೆ ಮೊಟ್ಟೆಯ ವಿಚಾರ ತಿಳಿಸಿದ್ದೆ. ಬದುಕಿದ್ದರೆ ತಾನೇ ಪೂಜೆ ಎಂದು ಅವಳೇ ಬಾಯಿ ತೆರೆದಳು. ಸ್ವಲ್ಪ ದಿನ ಕಳೆದ ಮೇಲೆ ನನಗೇ ಮನಸ್ಸು ಕಚ್ಚಿ, ಕೂವೆ ಹಿಟ್ಟು, ಕಡಲೆ ಕಟ್ಟಿನಲ್ಲಿ ಮಾಡಿಕೊಟ್ಟೆ. ಒಂದು ಚಮಚ ತಿಂದು ತಟ್ಟೆ ತಳ್ಳಿದಳು. "ಇದ್ರಲ್ಲಿ ಅದಿಲ್ಲ ಕಣಮ್ಮಿ. ಅದ ಹಾಕ್ಬುಟ್ಟು ಮಾಡ್ಕಂಡು ಬಾ" ಅಂದಳು.

ನೀನು ಕೂಗಾಡಿ ಹೊರಗೆ ಹೋದ ಮೇಲೆ ಅವ್ವ ನನ್ನ ಕೈ ಹಿಡಿದುಕೊಂಡು, "ನೀ ಹೆಂಗೂ ಕೆಲ್ಸದಲ್ಲಿದ್ದೀಯ, ಎಲ್ಲಾರ ಬದುಕ್ಕತೀಯ. ಅವ್ಳೂ ಬಾಗ್ಲು ಹಾಕ್ಬುಟ್ರೆ ನಾ ಎಲ್ಲಿಗೋಗ್ಲಿ?" ಅಂದಳು. ಅದಕ್ಕೇ ನಾನು ಬಾಯಿ ಬಿಡಲಿಲ್ಲ.

ನಾನು ಹೇಳಿದೆನೆಂದು ಇದನ್ನು ನಂಬಬೇಡ. ಸಾಹೇಬರ ಹೆಂಡತಿ ಹೋದ ಮೇಲೆ ಉಳಿದದ್ದರಲ್ಲಿ ಒಂದು ಚೂರು ಅವ್ವನಿಗೆ ಕೊಡು, ಲೆಮನ್ ಪೈ ಎಂದಷ್ಟೇ ಹೇಳು. ಇದರಲ್ಲಿ ಅದಿಲ್ಲವೆಂದು ಅವಳೇ ಹೇಳಿದರೆ, ಮುಂದಿನ ಬಾಗಿಲು ತೆಗೆದು ನನಗೆ ಹೇಳಿಕಳಿಸು. ಸುಮ್ಮನೆ ನುಂಗಿದರೆ ಕೇಳಬೇಡ, ಬಿಟ್ಟುಬಿಡು. ನಿನ್ನ ಮನೆಯ ಅನ್ನ ತಿನ್ನುತ್ತಿದ್ದಾಳೆ.